ಕಾಡಿನಲ್ಲಿ ಕೂಗಿದ ಹೆಸರು

ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಬಹಳ ದಿನದಿಂದ ಖಾಲಿ ಬಿದ್ದಿದ್ದ ಜಾಗಕ್ಕೆ ಮೊನ್ನೆ ಜೆಸಿಬಿ ಬಂದು ಪೊದೆಗಳನ್ನೆಲ್ಲ ಕಿತ್ತು ಗುಡ್ಡೆ ಹಾಕಿತು. ಹೈದರಾಬಾದಿನ ಗಚ್ಚಿಬೌಲಿಯಲ್ಲಿ ಇನ್ನೂ ಪೊದೆ ಬೆಳೆಯಲು ಜಾಗ ಉಳಿದಿತ್ತು ಅನ್ನುವುದೇ ಸೋಜಿಗ. ಜಜ್ಜಿದ ಲಂಟಾನದ ಘಾಟು ಬಾಲ್ಕನಿ ತುಂಬ ಬಂತು. ಸೀಮೆಎಣ್ಣೆಗೆ ನಿಂಬೆಸಿಪ್ಪೆ ಹಿಂಡಿದ ಹಾಗಿನ ವಾಸನೆ ಅದು. ಪಕ್ಕದ ಮನೆಯಾಕೆ ಮೂಗು ಮುಚ್ಚಿಕೊಂಡು ಒಳಗೆ ಹೋದಳು. ನಾನು ನಿಂತೇ ಇದ್ದೆ, ಯಾಕೆಂದರೆ ಆ ವಾಸನೆ ಬಂದರೆ ನನಗೆ ಹಸಿವಾಗುತ್ತದೆ. ಅದು ಯಾಕೆ ಅಂತ ಹೇಳಬೇಕಾದರೆ ಒಂದು ಮಳೆಗಾಲದ ಸುದ್ದಿ ಹೇಳಬೇಕು.

ಆಗ ನಾವಿದ್ದದ್ದು ಊರಿನ ಆ ಕೊನೆಗೆ, ಕುಷಾಯಿಗೂಡದಲ್ಲಿ. ನಮ್ಮ ಮನೆಯವರು ಅಲ್ಲಿನ ದೊಡ್ಡ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಮನೆಯಲ್ಲಿ ಕಿಟಕಿ ಪಕ್ಕದ ಮೇಜಿನ ಮೇಲೆ ಸದಾ ಬಿಚ್ಚಿದ ರೇಡಿಯೋಗಳು, ಸೋಲ್ಡರಿಂಗ್ ವಾಸನೆ. ರಿಪೇರಿ ಅವರ ಹವ್ಯಾಸ. ಬಿಚ್ಚುವುದರಲ್ಲಿ ನಿಸ್ಸೀಮರು, ಮತ್ತೆ ಕೂಡಿಸುವುದು ಅವರ ಮರ್ಜಿ. ಕಲಬುರ್ಗಿಯಿಂದ ನಾನು ಮದುವೆಯಾಗಿ ಬಂದಾಗ ನಮ್ಮಪ್ಪ ಒಂದು ಟೇಪ್‌ರೆಕಾರ್ಡರ್ ಕೊಟ್ಟಿದ್ದರು. ಬಸ್ಸಿನಲ್ಲಿ ಕೆಳಗಿಟ್ಟರೆ ಅಲುಗಾಡಿ ಕೆಟ್ಟೀತೆಂದು ಹೈದರಾಬಾದಿನವರೆಗೂ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದರು. ಅದೊಂದನ್ನು ಮುಟ್ಟಬೇಡಿರಿ ಅಂತ ನಾನು ಮೊದಲ ದಿನವೇ ಹೇಳಿದ್ದೆ.

ನಮ್ಮ ಕಡೆ ಗಂಡ ಹೆಂಡಿರು ಒಬ್ಬರ ಹೆಸರು ಒಬ್ಬರು ಹಿಡಿಯುವುದಿಲ್ಲ. ಹಿಡಿಯುವುದು ಒಂದೇ ಸಲ, ಮದುವೆಯ ಹೊಸತರಲ್ಲಿ, ಹೆಂಗಸರೆಲ್ಲ ಸೇರಿ ಹೊಸ್ತಿಲಲ್ಲಿ ಅಡ್ಡ ನಿಂತು ಒಡಪು ಹೇಳಿಸುವಾಗ. "ತೊಗರಿ ಹೊಲದಾಗ ಹಳದಿ ಹೂವಿನ ಸಾಲು, ಸುಮಿತ್ರಾ ಬಂದ ಮ್ಯಾಲೆ ನಮ್ಮನಿ ತುಂಬ ಹಾಲು" ಅಂತ ಅವರು ನೆಲ ನೋಡುತ್ತ ಹೇಳಿದ್ದರು. ಹೆಂಗಸರು ನಕ್ಕು ದಾರಿ ಬಿಟ್ಟರು. ಅಷ್ಟೇ. ಆಮೇಲೆ ನಾನು "ಏ" ಆದೆ, "ಇಕಿ" ಆದೆ, ಸಿಟ್ಟು ಬಂದಾಗ ಅದೂ ಇಲ್ಲ, ಬರೀ ಚಿಟಿಕೆ. ಚಿಟಿಕೆ ಹೊಡೆದರೆ ನೀರು ಬರಬೇಕು, ಎರಡು ಹೊಡೆದರೆ ಚಹಾ.

ಹೊತ್ತು ಹೋಗಲಿ ಎಂದು ಅಮೀರ್‌ಪೇಟೆಯ ಗಲ್ಲಿಯೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೋರ್ಸು ಕಲಿಯಲು ಅವರೇ ಕಳಿಸಿದ್ದು. ನನಗೆ ಕೆಲಸ ಸಿಗುತ್ತದೆ ಎಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ. ಆ ಕಾಲ ಹಾಗಿತ್ತು. ಗಚ್ಚಿಬೌಲಿಯಲ್ಲಿ ಬಂಡೆ ಒಡೆದಲ್ಲೆಲ್ಲ ಗಾಜಿನ ಕಟ್ಟಡ ಏಳುತ್ತಿತ್ತು, ಕಟ್ಟಡ ಎದ್ದಲ್ಲೆಲ್ಲ ಜನ ಬೇಕಾಗಿತ್ತು. ನನ್ನನ್ನೂ ತೆಗೆದುಕೊಂಡರು. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಮನೆಯಲ್ಲಿ ವರ್ಷಗಟ್ಟಲೆ ನನ್ನ ತಪ್ಪು ಹುಡುಕಿಸಿಕೊಂಡಿದ್ದ ನನಗೆ ಆ ವಿದ್ಯೆ ಬೇಗ ಹತ್ತಿತು.

ಆ ವರ್ಷ ಆಷಾಢದಲ್ಲಿ, ಇಲ್ಲಿನವರ ಬೋನಾಲು ಹಬ್ಬದ ಹೊತ್ತಿಗೆ ನನ್ನನ್ನು ಟೀಮಿಗೆ ಲೀಡ್ ಮಾಡಿದರು. ಸಂಬಳ ಅವರದ್ದನ್ನು ದಾಟಿತು. ಮನೆಯ ಗಾಳಿಯೇ ಬದಲಾಯಿತು. ಕುಷಾಯಿಗೂಡದಿಂದ ಗಚ್ಚಿಬೌಲಿಗೆ ಊರಿನ ಈ ತುದಿಯಿಂದ ಆ ತುದಿ. ಮೆಟ್ರೋ ಗಿಟ್ರೋ ಏನೂ ಇಲ್ಲ. ಸಿಕಂದರಾಬಾದಿನಲ್ಲಿ ಬಸ್ಸು ಬದಲಿಸಿ, ಮಳೆ ಬಂದರೆ ಮೊಣಕಾಲು ನೀರಿನಲ್ಲಿ ನಿಂತು, ಸಂಜೆ ಮನೆಗೆ ಬಂದರೆ ಅವರು ಬಾಗಿಲಿಗೆ ಒಳಗಿಂದ ಅಗಳಿ ಹಾಕಿಕೊಂಡು ರೇಡಿಯೋ ಕೇಳುತ್ತಿದ್ದರು. ನಾನು ಬಡಿದರೆ ದನಿ ಹೆಚ್ಚಿಸುವರು. ನಾನು ತೊಯ್ದು ತೊಪ್ಪೆಯಾಗಿ ಮೆಟ್ಟಿಲ ಮೇಲೆ ಕೂರುವುದನ್ನು ಓಣಿಯವರೆಲ್ಲ ನೋಡಬೇಕು, ನೋಡಿದ ಮೇಲೆ ಬಾಗಿಲು ತೆಗೆಯಬೇಕು. ತೆಗೆದು, "ಮೇಡಂ ಅವರು ಬಂದ್ರು. ರೊಟ್ಟಿ ಬಡೀತೀರೋ, ಕಂಪ್ಯೂಟರ್‌ನ್ಯಾಗ ಮಾಡಸ್ತೀರೋ?" ಎನ್ನುವರು. ಗಚ್ಚಿಬೌಲಿ ಹತ್ತಿರ ಮನೆ ಮಾಡೋಣ ಎಂದರೆ, "ನಾ ಏನ್ ಹೆಂಡತಿ ಬಾಲ ಹಿಡಕೊಂಡು ಹೋಗಲ್ಯಾ?" ಎನ್ನುವರು.

ಶ್ರಾವಣದಲ್ಲಿ ನಮ್ಮ ಆಫೀಸಿನವರು ಓರಿಯಂಟಿಯರಿಂಗ್ ಅಂತ ಒಂದು ಸ್ಪರ್ಧೆ ಇಟ್ಟರು. ವಿಕಾರಾಬಾದಿನ ಕಾಡಿನಲ್ಲಿ ಅಲ್ಲಲ್ಲಿ ಕೇಸರಿ ಬಿಳಿ ಬಾವುಟ ಕಟ್ಟಿರುತ್ತಾರೆ. ಕೈಗೆ ಒಂದು ನಕ್ಷೆ, ಒಂದು ದಿಕ್ಸೂಚಿ, ಒಂದು ಕಾರ್ಡು. ಪ್ರತಿ ಬಾವುಟ ಹುಡುಕಿ ಅಲ್ಲಿ ತೂಗುಬಿಟ್ಟ ಪಂಚಿನಿಂದ ಕಾರ್ಡಿಗೆ ತೂತು ಹಾಕಿಕೊಳ್ಳಬೇಕು. ಒಬ್ಬೊಬ್ಬರನ್ನೇ ಸ್ವಲ್ಪ ಅಂತರ ಬಿಟ್ಟು ಕಳಿಸುತ್ತಾರೆ. ಒಬ್ಬರ ಹಿಂದೆ ಒಬ್ಬರು ಹೋಗಬಾರದು, ದಾರಿ ಕೇಳಬಾರದು. ಕಡಿಮೆ ಹೊತ್ತಿನಲ್ಲಿ ಮುಗಿಸಿದವರು ಗೆದ್ದಂತೆ. ಮನೆಯವರನ್ನೂ ಕರೆತರಬಹುದು, ಅವರಿಗೂ ಬಹುಮಾನ ಉಂಟು ಎಂದರು.

ಇದನ್ನು ಊಟದ ಹೊತ್ತಿಗೆ ಹೇಳಿದೆ. ಅವರು ತುತ್ತು ನಿಲ್ಲಿಸಿ ನಕ್ಕರು.

"ನೀ ಕಾಡಿನ್ಯಾಗ ದಾರಿ ಹುಡುಕ್ತೀ? ಸಿಕಂದರಾಬಾದ್ ಸ್ಟೇಷನ್ನಿನ್ಯಾಗ ಹೊರಗ ಹೋಗೂ ಬಾಗಿಲs ಸಿಗೂದಿಲ್ಲ ನಿನಗ."

"ಸಿಗ್ತೈತ್ರಿ. ದಿನಾ ಅಲ್ಲೇ ಬಸ್ ಬದಲಸ್ತೀನಿ."

"ಹಂಗಾದ್ರ ಶರ್ತು ಕಟ್ಟು. ನಾನೂ ಬರ್ತೀನಿ. ನೀ ನನಗಿಂತ ಲಗೂನ ಮುಗಿಸಿದ್ರ ಗಚ್ಚಿಬೌಲ್ಯಾಗ ಮನಿ ಮಾಡೂಣು. ನಾ ಮುಗಿಸಿದ್ರ ಸೋಮವಾರ ನೌಕ್ರಿ ಬಿಡಬೇಕು. ಮತ್ತ ಆ ಸುದ್ದಿ ಎತ್ತಂಗಿಲ್ಲ."

ನಾನು ಒಪ್ಪಿದೆ. ನನಗೂ ಹಟ ಇತ್ತು, ಅದು ಒಂದು. ಇನ್ನೊಂದು, ಕಾಲೋನಿಯಲ್ಲಿ ಅವರಿಗೆ ಮಾತಿಗೆ ತಪ್ಪದ ಮನುಷ್ಯ ಎಂದು ಹೆಸರಿತ್ತು. ಕ್ರಿಕೆಟ್ ಮ್ಯಾಚಿನ ಶರ್ತು ಸೋತು ಒಮ್ಮೆ ಮೀಸೆ ಬೋಳಿಸಿಕೊಂಡು ತಿಂಗಳಿಡೀ ಹಾಗೇ ಓಡಾಡಿದ್ದರು. ಎಲ್ಲರೂ ಅದನ್ನು ಹೇಳಿ ಹೇಳಿ ಹೊಗಳುತ್ತಿದ್ದರು. ಸೋತರೆ ಮನೆ ಮಾಡಿಯೇ ಮಾಡುತ್ತಾರೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಆದರೆ ಹಾಗೆ ಮಾತಿಗೆ ಕಟ್ಟುಬಿದ್ದವರಿಗೆ ಸೋಲಿನ ಭಯ ಎಷ್ಟಿರುತ್ತದೆ ಎಂದು ನಾನು ಯೋಚಿಸಲಿಲ್ಲ.

ಅವರು ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದವರು, ನಕ್ಷೆ ಓದಲು ಬಲ್ಲವರು. ಆಫೀಸಿನವರು ಹುಲ್ಲಿನ ಮೇಲೆ ಒಂದು ದಿನ ಕಲಿಸಿಕೊಟ್ಟದ್ದನ್ನು ನಾನು ಕಲಿತೆ. ದಿಕ್ಸೂಚಿಯ ಮುಳ್ಳು ಉತ್ತರ ತೋರಿಸುತ್ತದೆ, ನಕ್ಷೆಯನ್ನು ಅದಕ್ಕೆ ಹೊಂದಿಸಿ ಹಿಡಿ, ಉಳಿದದ್ದು ಕಾಲಿನ ಕೆಲಸ. ಕಾಲಿಗೆ ಬಲ ಬರಲಿ ಎಂದು ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದೆ. ಸಿಕಂದರಾಬಾದಿನಲ್ಲಿ ಬಸ್ಸಿಗೆ ಓಡುವುದನ್ನೂ ಅಭ್ಯಾಸದ ಲೆಕ್ಕಕ್ಕೆ ಸೇರಿಸಿಕೊಂಡೆ. ಅವರು ನೋಡುತ್ತಿದ್ದರು. ಒಂದು ದಿನ ಟೇಪ್‌ರೆಕಾರ್ಡರ್ ಅವರ ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು. ಕೇಳಿದ್ದಕ್ಕೆ, "ಆವಾಜ್ ಒಡಿಯಾಕತ್ತಿತ್ತು. ರಿಪೇರಿ ಮಾಡಾಕತ್ತೀನಿ" ಎಂದರು. ನನಗೆ ಹೊಟ್ಟೆ ಉರಿಯಿತು. ಶರ್ತು ಮುಗಿಯಲಿ ಎಂದು ನುಂಗಿಕೊಂಡೆ.

ಸ್ಪರ್ಧೆಯ ದಿನ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವರು ಅಡುಗೆಮನೆಯಲ್ಲಿದ್ದರು! ನಾನು ಮಾಡಿಟ್ಟ ಚಪಾತಿಗೆ ಶೇಂಗಾ ಹಿಂಡಿ, ಅಂದರೆ ಕಡಲೆಕಾಯಿ ಚಟ್ನಿಪುಡಿ, ಹಚ್ಚಿ, ಸುರುಳಿ ಸುತ್ತಿ, ಸೊಂಟಕ್ಕೆ ಕಟ್ಟುವ ಚೀಲದಲ್ಲಿ ಇಡುತ್ತಿದ್ದರು. ಅವರ ಕೈಯಿಂದ ಒಂದು ಲೋಟ ನೀರು ಕೂಡ ನನಗೆ ಬಂದದ್ದಿಲ್ಲ. "ಹಸಗೊಂಡು ಬಿದ್ದಗಿದ್ದೀ" ಎಂದು ಚೀಲದ ಪಟ್ಟಿಯನ್ನು ತಾವೇ ನನ್ನ ಸೊಂಟಕ್ಕೆ ಕಟ್ಟಿದರು. ಪಟ್ಟಿ ಬಿಗಿಯಾಯಿತೇನು ಎಂದು ಬೆರಳು ತೂರಿಸಿ ನೋಡಿದರು. ಹಾಳಾದ ಮನಸ್ಸು, ನನಗೆ ಖುಷಿಯಾಯಿತು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಸೋತರೂ ಅಡ್ಡಿಯಿಲ್ಲ ಎಂದು ಕೂಡ ಒಂದು ಸಲ ಅನ್ನಿಸಿತು.

ಕಾಡು ರಾತ್ರಿಯ ಮಳೆಗೆ ನೆನೆದು ಕೂತಿತ್ತು. ಮೋಡ ದಟ್ಟವಾಗಿತ್ತು. ಸೂರ್ಯ ಯಾವ ಕಡೆ ಇದ್ದಾನೆ ಎಂಬ ಸುಳಿವೇ ಇಲ್ಲ. ಅವರನ್ನು ನನಗಿಂತ ಮೊದಲು ಬಿಟ್ಟರು. ತಿರುಗಿ ನೋಡದೆ ಹೋದರು. ನನ್ನ ಸರದಿ ಬಂತು. ಮೊದಲ ಬಾವುಟ ಕಾಲುದಾರಿಯ ಮೇಲೇ ಇತ್ತು, ಸುಲಭವಾಗಿ ಸಿಕ್ಕಿತು. ಎರಡನೆಯದಕ್ಕೆ ದಾರಿ ಬಿಟ್ಟು ಕಾಡಿನೊಳಗೆ ಹೋಗಬೇಕು. ಚೀಲದ ಮೇಲೆ ನಕ್ಷೆ ಹರಡಿ, ಅದರ ಮೇಲೆ ದಿಕ್ಸೂಚಿ ಹಿಡಿದು, ಮುಳ್ಳು ತೋರಿಸಿದಂತೆ ನಕ್ಷೆ ತಿರುಗಿಸಿ ಹೊರಟೆ.

ಬಾವುಟ ಸಿಗಲಿಲ್ಲ. ನಕ್ಷೆಯಲ್ಲಿ ತೊರೆ ಇರುವಲ್ಲಿ ಬಂಡೆ ಬಂತು, ಬಂಡೆ ಇರಬೇಕಾದಲ್ಲಿ ಇಳಿಜಾರು. ಮತ್ತೆ ಮುಳ್ಳು ನೋಡಿದೆ, ಮತ್ತೆ ನಡೆದೆ. ಒಂದು ಮುರಿದ ಮರ ಕಂಡಿತು. ಬಹಳ ಹೊತ್ತು ನಡೆದ ಮೇಲೆ ಅದೇ ಮುರಿದ ಮರ ಇನ್ನೊಂದು ಕಡೆಯಿಂದ ಕಂಡಿತು. ದೂರದಲ್ಲಿ ಆಫೀಸಿನವರ ಕೂಗು, ನಗು ಕೇಳುತ್ತಿತ್ತು. ಆಮೇಲೆ ಅದೂ ಕಡಿಮೆಯಾಯಿತು. ಎತ್ತ ತಿರುಗಿದರೂ ಉತ್ತರ ನನ್ನ ಹೊಟ್ಟೆಯ ಕಡೆಗೇ ಇತ್ತು. ಅದು ವಿಚಿತ್ರ ಎಂದು ಹೊಳೆಯಲಿಲ್ಲ. ದಡ್ಡಿ ನಾನು, ಉಪಕರಣ ಸುಳ್ಳು ಹೇಳುವುದಿಲ್ಲ ಎಂದುಕೊಂಡೆ. ನಿನಗೆ ದಾರಿ ತಿಳಿಯುವುದಿಲ್ಲ ಎಂದು ಅವರು ಹೇಳಿದ್ದೇ ಕಿವಿಯಲ್ಲಿತ್ತು. ಹೌದು, ನನಗೆ ತಿಳಿಯುವುದಿಲ್ಲ ಎಂದು ನಂಬಿಕೊಂಡೇ ನಡೆದೆ.

ಲಂಟಾನದ ಪೊದೆ ಎದೆಮಟ್ಟ ಬೆಳೆದು ದಾರಿ ಮುಚ್ಚಿತ್ತು. ಬಗ್ಗಿ, ತೆವಳುತ್ತ ನುಸುಳಿದೆ. ಮುಳ್ಳು ಕೈ ಕೆರೆಯಿತು, ಅಂಗಿ ಹರಿಯಿತು, ಜಜ್ಜಿದ ಎಲೆಯ ಘಾಟು ಗಂಟಲಿಗೆ ಇಳಿಯಿತು. ಬಗ್ಗಿದಾಗ ಅಂಗಿಯೊಳಗಿದ್ದ ತಾಳಿ ಹೊರಗೆ ಬಂತು. ಪೊದೆಯ ಆಚೆ ಎದ್ದು ನಿಂತೆ. ತಾಳಿ ಎದೆಯ ಮೇಲೆ ಇರಲಿಲ್ಲ. ಸೊಂಟದ ಚೀಲಕ್ಕೆ ಅಂಟಿಕೊಂಡಿತ್ತು.

ಎಲ್ಲ ಹೆಂಗಸರಂತೆ ನಾನೂ ತಾಳಿಗೆ ಒಂದಷ್ಟು ಸೇಫ್ಟಿ ಪಿನ್ನು ಸಿಕ್ಕಿಸಿಕೊಂಡಿರುತ್ತಿದ್ದೆ. ಸೆರಗಿಗೆ ಬೇಕು, ಚಪ್ಪಲಿ ಹರಿದರೆ ಬೇಕು. ಆ ಪಿನ್ನುಗಳೆಲ್ಲ ಚೀಲದ ತಳಕ್ಕೆ ಕಚ್ಚಿಕೊಂಡಿದ್ದವು. ಎಳೆದೆ, ಬಂದವು. ಬಿಟ್ಟೆ, ಮತ್ತೆ ಟಪ್ಪೆಂದು ಹೋಗಿ ಅಂಟಿದವು. ಚೀಲ ಬಿಚ್ಚಿದೆ. ಚಪಾತಿ, ಅದರ ಕೆಳಗೆ ಮಡಚಿದ ಪೇಪರು, ಪೇಪರಿನ ಕೆಳಗೆ ಬಟ್ಟೆಯಲ್ಲಿ ಸುತ್ತಿದ ದುಂಡನೆಯ ಅಯಸ್ಕಾಂತ. ಸ್ಪೀಕರಿನದು. ಅಂಚಿಗೆ ಇನ್ನೂ ಕಪ್ಪು ಕಾಗದದ ಚೂರು ಅಂಟಿತ್ತು. ಅಪ್ಪನ ಟೇಪ್‌ರೆಕಾರ್ಡರಿನ ಸ್ಪೀಕರನ್ನು ನಾನು ಎಷ್ಟು ಸಲ ಒರೆಸಿದ್ದೇನೆ, ಅದನ್ನು ಗುರುತಿಸಲು ನನಗೆ ನಕ್ಷೆ ಬೇಕಿರಲಿಲ್ಲ.

ಅಲ್ಲೇ ಕೂತು ಅತ್ತೆ. ಮೋಸ ಹೋದದ್ದಕ್ಕಲ್ಲ, ಶರ್ತು ಸೋತದ್ದಕ್ಕಲ್ಲ. ಬೆಳಿಗ್ಗೆ ಆ ಪಟ್ಟಿ ಕಟ್ಟಿಸಿಕೊಳ್ಳುವಾಗ ನನಗೆ ಖುಷಿಯಾಗಿತ್ತಲ್ಲ, ಅದಕ್ಕೆ. ಅತ್ತು ಮುಗಿದ ಮೇಲೆ ಅಯಸ್ಕಾಂತವನ್ನು ಒಂದು ಬಂಡೆಯ ಮೇಲಿಟ್ಟು ದೂರ ಹೋಗಿ ನಿಂತೆ. ಮುಳ್ಳು ಗರಕ್ಕನೆ ತಿರುಗಿತು. ನಿಜವಾದ ಉತ್ತರ ಬೇರೆಯೇ ಕಡೆ ಇತ್ತು. ಕಾಡಿನ ಜೀಪು ರಸ್ತೆ ಪೂರ್ವಕ್ಕಿದೆ ಎಂದು ನಕ್ಷೆ ಹೇಳಿತು. ಆ ದಿಕ್ಕಿನಲ್ಲಿ ಒಂದು ಎತ್ತರದ ಮರವನ್ನು ಗುರುತಿಟ್ಟುಕೊಂಡು, ವಾಪಸು ಬಂದು ಅಯಸ್ಕಾಂತವನ್ನು ಎತ್ತಿಕೊಂಡೇ ಹೊರಟೆ. ಅದನ್ನು ಕಾಡಿಗೆ ಎಸೆಯುವಷ್ಟು ಒಳ್ಳೆಯವಳು ನಾನಲ್ಲ.

ರಸ್ತೆಯಲ್ಲಿ ನೀರಿನ ಡ್ರಮ್ಮು ಇಟ್ಟುಕೊಂಡು ಜೀಪಿನ ಪಕ್ಕ ಸುಜಾತ ಕೂತಿದ್ದಳು. ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನವಳು, ಖಮ್ಮಂ ಕಡೆಯ ತೆಲುಗು ಹುಡುಗಿ. ಅವತ್ತು ಸ್ವಯಂಸೇವಕಿ, ಕೈಯಲ್ಲಿ ವಾಕಿಟಾಕಿ. ನನ್ನನ್ನು ನೋಡಿ ಎದ್ದು ಓಡಿಬಂದಳು. "ಅಕ್ಕಾ! ಎಲ್ಲರೂ ಬಂದಾಯ್ತು, ನೀವೊಬ್ಬರೇ ಬಾಕಿ. ಫ್ಯಾಮಿಲಿಯವರಲ್ಲಿ ಭಾವಗಾರೇ ಫಸ್ಟು. ಈಗ ಫಾರೆಸ್ಟ್ ಗಾರ್ಡಿನ ಜೊತೆ ನಿಮ್ಮನ್ನೇ ಹುಡುಕುತ್ತಿದ್ದಾರೆ" ಎಂದು ತೆಲುಗಿನಲ್ಲಿ ಹೇಳಿ ವಾಕಿಟಾಕಿ ಬಾಯಿಗೆ ಎತ್ತಿದಳು. ನಾನು ಅವಳ ಕೈ ಹಿಡಿದೆ. ಅಯಸ್ಕಾಂತ ತೆಗೆದು ತೋರಿಸಿದೆ. ತಾಳಿಯ ಪಿನ್ನುಗಳು ಎದ್ದು ಹೋಗಿ ಅದಕ್ಕೆ ಕಚ್ಚಿಕೊಂಡವು. ಚೀಲದಲ್ಲಿ ಇದನ್ನು ಯಾರು ಇಟ್ಟರು ಎಂದು ಹೇಳಿದೆ.

ಸುಜಾತ ಆರು ತಿಂಗಳ ಹಿಂದೆ ಮದುವೆಯಾದವಳು. "ಛೀ, ಏಂ ಮನಿಷಿ", ಎಂಥ ಮನುಷ್ಯ, ಎಂದು ವಾಕಿಟಾಕಿಯ ಗುಂಡಿ ತಿರುವಿ ಆರಿಸಿದಳು. "ಬ್ಯಾಟರಿ ಹೋಗಿತ್ತು ಅಂತೀನಿ" ಎಂದಳು.

ಆಗ ಕಾಡಿನೊಳಗಿಂದ ಅವರ ಕೂಗು ಕೇಳಿತು.

"ಏ! ಏsss!"

"ಕ್ಯಾ ಸಾಬ್?" ಎಂದು ಗಾರ್ಡು ಎಲ್ಲಿಂದಲೋ ಓಗೊಟ್ಟ.

"ನಿನ್ನ ಅಲ್ಲೋ! ಏ, ಕೇಳ್ತೇನ! ಎಲ್ಲಿದ್ದೀ?"

"ನಾಮ್ ಲೇಕೆ ಬುಲಾವೋ ಸಾಬ್. ಏ ಏ ಬೋಲೇತೋ ಕೌನ್ ಸುನ್ತಾ ಜಂಗಲ್ ಮೇ!" ಬರೀ ಏ ಏ ಅಂದರೆ ಕಾಡಿನಲ್ಲಿ ಯಾರು ಕೇಳುತ್ತಾರೆ, ಹೆಸರು ಹಿಡಿದು ಕರೆಯಿರಿ ಎಂದ ಗಾರ್ಡು.

ಕಾಡು ಸ್ವಲ್ಪ ಹೊತ್ತು ಸುಮ್ಮನಿತ್ತು. ಹೆಸರು ಹಿಡಿದು ಕರೆಯಲು ಅವರಿಗೆ ಅಷ್ಟು ಹೊತ್ತು ಹಿಡಿಯಿತು. ಆಮೇಲೆ ಬಂತು.

"ಸುಮಿತ್ರಾ!"

ತೊಗರಿ ಹೊಲದ ಒಡಪಿನ ನಂತರ ಆ ಬಾಯಿಂದ ಆ ಹೆಸರು ಬಂದದ್ದು ಅವತ್ತೇ. ಜೀಪಿನ ಹಿಂದೆ ಕೂತು ಚಪಾತಿ ಬಿಚ್ಚಿದೆ, ಸುಜಾತಳಿಗೆ ಅರ್ಧ ಕೊಟ್ಟೆ. ಮೈಯೆಲ್ಲ ಲಂಟಾನದ ವಾಸನೆ, ಬಾಯಲ್ಲಿ ಶೇಂಗಾ ಹಿಂಡಿ. ಅಷ್ಟು ರುಚಿಯಾದ ಊಟ ನಾನು ಅದಕ್ಕೆ ಮೊದಲೂ ಉಂಡಿಲ್ಲ, ಆಮೇಲೂ ಉಂಡಿಲ್ಲ.

"ಸುಮಿತ್ರಾ! ಸುಮಿತ್ರಾ, ಓ ಅನ್ನು!"

ಮಳೆ ಶುರುವಾಯಿತು. ಕೂಗು ಒಮ್ಮೆ ಹತ್ತಿರ ಬರುವುದು, ಒಮ್ಮೆ ದೂರ ಹೋಗುವುದು. ಗಂಟಲು ಒಡೆಯಿತು. ಒಂದು ಸಲ ಎಲ್ಲೋ ಜಾರಿ ಬಿದ್ದ ಸದ್ದು, ಅದರ ಬೆನ್ನಿಗೇ ಅಳುವಂಥ ದನಿಯಲ್ಲಿ ಮತ್ತೆ ನನ್ನ ಹೆಸರು. ಕನಿಕರ ಬರಲಿಲ್ಲ ಎಂದರೆ ಸುಳ್ಳಾದೀತು. ಬಂತು. ಅದನ್ನೂ ಚಪಾತಿಯ ಜೊತೆ ಅಗಿದು ನುಂಗಿದೆ. ಬಾಗಿಲು ಬಡಿಯುವವರಿಗೆ ಒಳಗಿನವರ ಮೌನ ಹೇಗೆ ಕೇಳುತ್ತದೆ ಎಂದು ಒಮ್ಮೆಯಾದರೂ ಗೊತ್ತಾಗಲಿ ಎಂದುಕೊಂಡೆ. "ಅಕ್ಕಾ, ಚಾಲು" ಎಂದು ಸುಜಾತ ನನ್ನ ಮೊಣಕೈ ಮುಟ್ಟಿದಳು, ಸಾಕು ಎಂದು. ನನಗೆ ಸಾಕಾಗಿರಲಿಲ್ಲ.

ಕೊನೆಗೆ ಅವರೇ ರಸ್ತೆಗೆ ಬಂದು ಬಿದ್ದರು. ಮೊಣಕಾಲು ತರಚಿತ್ತು, ಕನ್ನಡಕದ ಮೇಲೆ ಕೆಸರು. ನಾನು ಜೀಪಿನ ಮರೆಯಲ್ಲಿ ಕೂತು ಕೈ ನೆಕ್ಕುತ್ತಿದ್ದೆ. ಅವರ ಮುಖದ ಮೇಲೆ ಮೊದಲು ಬಂದದ್ದು ಸಮಾಧಾನ, ಅದನ್ನು ನಾನು ಕಂಡೆ. ಆಮೇಲೆ ಸಿಟ್ಟು ಬಂತು.

"ಇಲ್ಲೇ ಕುಂತೀ? ಕರದಿದ್ದು ಕೇಳಲಿಲ್ಲ?"

"ಕೇಳಿಸ್ತ್ರಿ. ಯಾರನ್ನ ಕರಿಯಾಕತ್ತೀರೋ ಅಂತ ಸುಮ್ಮ ಕುಂತೆ. ನನ್ನ ಹೆಸರು ನಿಮಗ ನೆನಪೈತಿ ಅಂತ ಗೊತ್ತಿರಲಿಲ್ಲ."

ಅಯಸ್ಕಾಂತವನ್ನು ಜೀಪಿನ ಬಾಗಿಲಿಗೆ ಹಿಡಿದೆ. ಟಪ್ಪೆಂದು ಹೋಗಿ ಅಂಟಿತು. ಅವರು ಅದನ್ನು ನೋಡಿದರು, ಸುಜಾತಳನ್ನು ನೋಡಿದರು, ಮಳೆಯನ್ನು ನೋಡಿದರು. ನನ್ನನ್ನು ನೋಡಲಿಲ್ಲ.

"ಶರ್ತು ನೀವs ಗೆದ್ರಿ," ಎಂದೆ. "ಸೋಮವಾರ ರಾಜೀನಾಮಿ ಕೊಡ್ತೀನಿ. ಯಾಕ ಬಿಟ್ಟಿ ಅಂತ ಆಫೀಸಿನ್ಯಾಗ ಕೇಳಿದ್ರ ಇದನ್ನ ತೋರಸ್ತೀನಿ. ಕಾಲೋನ್ಯಾಗ ಕೇಳಿದ್ರೂ ಇದನ್ನs ತೋರಸ್ತೀನಿ. ಮಾತಿಗೆ ತಪ್ಪದ ಮನಶ್ಯಾ ಹೆಂಗ ಗೆದ್ದ ಅಂತ ನಾಕು ಮಂದಿಗೆ ತಿಳೀಲಿ."

"ಬ್ಯಾಡ" ಎಂದರು, ಕೇಳಿಸಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ.

"ಯಾರಿಗೆ ಹೇಳಾಕತ್ತೀರಿ? ಹೆಸರು ಹಿಡದು ಹೇಳ್ರಿ."

ಸುಜಾತ ಬೇರೆ ಕಡೆ ಮುಖ ತಿರುಗಿಸಿದಳು. ಮಳೆ ಜೀಪಿನ ತಗಡಿನ ಮೇಲೆ ಬೀಳುತ್ತಿತ್ತು.

"ಸುಮಿತ್ರಾ," ಎಂದರು ಒಡೆದ ಗಂಟಲಿನಲ್ಲಿ. "ರಾಜೀನಾಮಿ ಕೊಡಬ್ಯಾಡ."

"ಗಚ್ಚಿಬೌಲ್ಯಾಗ ಮನಿ ನೋಡ್ರಿ ಹಂಗಾದ್ರ."

ಸಂಜೆ ಬಹುಮಾನ ಕೊಟ್ಟರು. ಹೋಗುವುದಿಲ್ಲ ಎಂದು ಅವರು ಕೂತಲ್ಲೇ ಕೂತರು. ನಾನೇ ಬೆನ್ನ ಮೇಲೆ ಕೈಯಿಟ್ಟು ಎಬ್ಬಿಸಿದೆ. ನಮ್ಮ ಮ್ಯಾನೇಜರು ಕಪ್ಪು ಕೊಟ್ಟು, ಹೆಂಡತಿಗೂ ಸ್ವಲ್ಪ ದಾರಿ ಕಲಿಸಿ ಸರ್ ಎಂದು ಮೈಕಿನಲ್ಲಿ ಚೇಷ್ಟೆ ಮಾಡಿದರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನು. ಆ ಕಪ್ಪನ್ನು ಅವರು ಬಸ್ಸಿನಲ್ಲಿ ಕಾಲ ಕೆಳಗೆ ಇಟ್ಟುಕೊಂಡು ತಂದರು.

ದಸರಾ ಹೊತ್ತಿಗೆ ನಾವು ಗಚ್ಚಿಬೌಲಿಗೆ ಬಂದೆವು. ನಿವೃತ್ತರಾಗುವವರೆಗೂ ಅವರು ಊರಿನ ಈ ತುದಿಯಿಂದ ಆ ತುದಿಗೆ, ಸಿಕಂದರಾಬಾದಿನಲ್ಲಿ ಬಸ್ಸು ಬದಲಿಸಿ ಓಡಾಡಿದರು. ಮಳೆಗಾಲದಲ್ಲಿ ತೊಯ್ದು ಬರುತ್ತಿದ್ದರು. ನಾನು ಬಾಗಿಲು ಹಾಕಿಕೊಂಡು ಕೂರಲಿಲ್ಲ, ಅಷ್ಟು ಕೀಳುತನ ನನ್ನದಲ್ಲ. ಹೊಸ ಮನೆಗೆ ಬಂದ ದಿನವೇ ಆ ಅಯಸ್ಕಾಂತವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಅದರಡಿ ಕರೆಂಟು ಬಿಲ್ಲು ಸಿಕ್ಕಿಸಿದೆ. ಈಗ ಎರಡನೆಯ ಫ್ರಿಜ್ಜು ಬಂದಿದೆ, ಅಯಸ್ಕಾಂತ ಅದೇ. ಅವರು ದಿನಾ ಬೆಳಿಗ್ಗೆ ಅದೇ ಬಾಗಿಲು ತೆಗೆದು ಹಾಲು ಹೊರಗೆ ಇಡುತ್ತಾರೆ. ಅದನ್ನು ಮುಟ್ಟುವುದಿಲ್ಲ, ಅದರ ಬಗ್ಗೆ ಒಂದು ಮಾತೂ ಆಡುವುದಿಲ್ಲ. ನಾನೂ ಆಡುವುದಿಲ್ಲ. ಬಂದವರು, ಎಷ್ಟು ದೊಡ್ಡ ಮ್ಯಾಗ್ನೆಟ್ಟು ಎಂದರೆ, ನಮ್ಮ ಮನೆಯವರದ್ದು ಎನ್ನುತ್ತೇನೆ. ಅವರು ಪೇಪರು ಎತ್ತಿ ಮುಖಕ್ಕೆ ಹಿಡಿಯುತ್ತಾರೆ.

ಆ ಕಾಡಿನಿಂದ ಬಂದ ಮೇಲೆ ಅವರು ನನ್ನನ್ನು ಹೆಸರು ಹಿಡಿದೇ ಕರೆಯುತ್ತಾರೆ. ಚಿಟಿಕೆ ನಿಂತು ಹೋಯಿತು. ನಮ್ಮೂರಿನ ಹಿರಿಯರು ಬಂದಾಗ, ಏನಪಾ ಇದು ಪಟ್ಟಣದ ರೀತಿ ಎಂದು ಹುಬ್ಬು ಹಾರಿಸಿದರೂ ನಿಲ್ಲಿಸಲಿಲ್ಲ. ಮೊದಲ ಸಲ ಕರೆದಾಗ ನಾನು ಓ ಅನ್ನುವುದಿಲ್ಲ. ಎರಡನೆಯ ಸಲಕ್ಕೂ ಅನ್ನುವುದಿಲ್ಲ. ಅವರಿಗದು ಗೊತ್ತು. ಮೂರನೆಯ ಸಲ ಕರೆಯುವಾಗ ಅವರ ದನಿ ಸ್ವಲ್ಪ ನಡುಗುತ್ತದೆ, ಇಷ್ಟು ವರ್ಷವಾದರೂ.

ಮೊನ್ನೆಯೂ ಹಾಗೇ. ಕೆಳಗೆ ಜೆಸಿಬಿ ಆರಿತು. ಲಂಟಾನದ ವಾಸನೆ ಇನ್ನೂ ಗಾಳಿಯಲ್ಲಿತ್ತು, ನನಗೆ ಹಸಿವಾಗತೊಡಗಿತ್ತು. ಒಳಗಿನಿಂದ ಅವರು ಕರೆದರು. ಇನ್ನೊಮ್ಮೆ ಕರೆದರು. ಬಾಲ್ಕನಿಯ ಕಟಕಟೆಗೆ ಕೈಯೂರಿ ನಾನು ಮೂರನೆಯದಕ್ಕೆ ಕಾಯುತ್ತ ನಿಂತೆ.